ಕೇಕಿಗೆ ತರಕಾರಿ ಹಾಕಿ ಕೈ ಸುಟ್ಟುಕೊಂಡವರಿಗೆ

ಮೊದಲ ಸಲ ಸೋರೆಕಾಯಿ ಕೇಕ್ ಮಾಡಲು ಹೊರಟಾಗ ನನ್ನ ಟಿನ್ನಿನಿಂದ ಹೊರಗೆ ಬಂದಿದ್ದು ಹಾಲುಬಾಯಿ. ನಿಜವಾದ ಹಾಲುಬಾಯಿ ಆಗಿದ್ದರೆ ಬೇಸರವಿರಲಿಲ್ಲ, ತುಪ್ಪ ಸವರಿ ತಿನ್ನಬಹುದಿತ್ತು. ಇದು ಮೇಲೆ ಕಂದು ಬಣ್ಣಕ್ಕೆ ಬೆಂದು, ಒಳಗೆ ಅಂಟಂಟಾಗಿ, ಚಾಕು ಹಾಕಿದರೆ ಚಾಕುವಿಗೇ ಮೆತ್ತಿಕೊಂಡು ಬರುತ್ತಿತ್ತು. ಅಮೆರಿಕದ ಜುಕಿನಿ ಬ್ರೆಡ್ (ಹೆಸರಿಗೆ ಬ್ರೆಡ್, ಅದೂ ಕೇಕೇ) ರೆಸಿಪಿ ನೋಡಿ, ಸೌತೆಯಂತೆ ಕಾಣುವ ಆ ಜುಕಿನಿ ಕಾಯಿಯ ಬದಲು ಸೋರೆಕಾಯಿ ತುರಿದು ಹಾಕಿದ್ದೆ. ಎರಡೂ ಒಂದೇ ಜಾತಿ ತಾನೇ ಅಂತ. ಹಿಟ್ಟು ನೀರಾಯಿತು ಅನಿಸಿದಾಗ ಇನ್ನೊಂದು ಕಪ್ ಮೈದಾ ಸುರಿದೆ. ಮೈದಾ ಜಾಸ್ತಿ ಆಯಿತಲ್ಲ ಅಂತ ಇನ್ನೊಂದು ಚಮಚ ಸೋಡಾ ಹಾಕಿದೆ. ಆಮೇಲೆ ಏನಾಗಿದೆಯೋ ನೋಡೋಣ ಅಂತ 20ನೇ ನಿಮಿಷಕ್ಕೇ ಓವನ್ ಬಾಗಿಲು ತೆಗೆದೆ.

ಮೊದಲ ತಪ್ಪು ಒಂದೇ ಆಗಿದ್ದರೆ ಆ ಕೇಕ್ ಹೇಗೋ ಉಳಿಯುತ್ತಿತ್ತು. ಅದನ್ನು ಮುಗಿಸಿದ್ದು ಗಾಬರಿಯಲ್ಲಿ ಮಾಡಿದ ರಿಪೇರಿಗಳು. ಆಮೇಲಿನ ವರ್ಷಗಳಲ್ಲಿ ಕ್ಯಾರೆಟ್, ಬೀಟ್‌ರೂಟ್, ಕುಂಬಳಕಾಯಿ, ಗೆಣಸು ಎಲ್ಲದರಲ್ಲೂ ಒಂದೊಂದು ಎಡವಟ್ಟು ಮಾಡಿಕೊಂಡಿದ್ದೇನೆ. ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ನೆ ಕೈಕಟ್ಟಿ ಕೂರಬೇಕು ಅಂತ ಈಗ ಸ್ವಲ್ಪ ಗೊತ್ತಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಅಳತೆ

ಯಾವುದು ಜಾಸ್ತಿ, ಯಾವುದು ಕಡಿಮೆ ಅಂತ ಹೇಳಲು ಒಂದು ಅಳತೆ ಬೇಕು. ನಾನು 8 ಇಂಚಿನ ಟಿನ್ನಿಗೆ ಮಾಡುವ ಕ್ಯಾರೆಟ್ ಕೇಕ್ ಹೀಗಿದೆ: ಮೈದಾ 200 ಗ್ರಾಂ, ಸಕ್ಕರೆ 180 ಗ್ರಾಂ, ಎಣ್ಣೆ 150 ಎಂಎಲ್, ಮೊಟ್ಟೆ 3, ಕ್ಯಾರೆಟ್ ತುರಿ 225 ಗ್ರಾಂ, ಮೊಸರು 2 ಟೇಬಲ್ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಕ್ಕೆ ಪುಡಿ 1 ಟೀ ಚಮಚ, ಚಿಟಿಕೆ ಉಪ್ಪು. 170 ಡಿಗ್ರಿ ಸೆಲ್ಸಿಯಸ್, 40 ರಿಂದ 50 ನಿಮಿಷ. ನಿಮ್ಮ ರೆಸಿಪಿ ಇದಕ್ಕಿಂತ ಸ್ವಲ್ಪ ಆಚೀಚೆ ಇದ್ದರೆ ಚಿಂತೆಯಿಲ್ಲ. ತುಂಬಾ ದೂರ ಇದ್ದರೆ, ಅಂದರೆ 200 ಗ್ರಾಂ ಮೈದಾಗೆ 2 ಚಮಚ ಸೋಡಾ ಅಂತೆಲ್ಲ ಬರೆದಿದ್ದರೆ, ತಪ್ಪು ನಿಮ್ಮದಲ್ಲ, ರೆಸಿಪಿಯದು.

ಮೊಟ್ಟೆ ಹಾಕದವರು 3 ಮೊಟ್ಟೆಗೆ ಬದಲಾಗಿ ಮುಕ್ಕಾಲು ಕಪ್ ಗಟ್ಟಿ ಮೊಸರು ಹಾಕಬಹುದು, ನಮ್ಮ ಮನೆಯಲ್ಲಿ ಹಬ್ಬದ ದಿನ ಹಾಗೇ ಮಾಡುವುದು. ಆಗ ತರಕಾರಿಯನ್ನು 175 ಗ್ರಾಂಗೆ ಇಳಿಸಿ. ಬೇಯುವಾಗ ಕೇಕನ್ನು ಕಟ್ಟಿ ಹಿಡಿಯುವ ಕೆಲಸದಲ್ಲಿ ಮೊಟ್ಟೆಗೆ ದೊಡ್ಡ ಪಾಲಿದೆ. ಅದು ಇಲ್ಲದಾಗ ಸ್ವಲ್ಪ ನೀರು ಜಾಸ್ತಿಯಾದರೂ ಕೇಕ್ ಕುಸಿದು ಕೂರುತ್ತದೆ.

ರೆಸಿಪಿ ಯಾವ ಊರಿನದು?

ಕಲಸಲು ಶುರು ಮಾಡುವ ಮುಂಚೆ ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ತಪ್ಪುಗಳು ಅಲ್ಲೇ ನಿಲ್ಲುತ್ತವೆ. ಅಮೆರಿಕದ ಕಪ್ ಸುಮಾರು 240 ಎಂಎಲ್, ಆಸ್ಟ್ರೇಲಿಯಾದ್ದು 250. ಅಷ್ಟು ವ್ಯತ್ಯಾಸದಿಂದ ಏನೂ ಆಗುವುದಿಲ್ಲ. ಆದರೆ ಆಸ್ಟ್ರೇಲಿಯಾದ ಟೇಬಲ್ ಚಮಚ 20 ಎಂಎಲ್, ಮಿಕ್ಕ ಕಡೆ 15. ನಮ್ಮ ಮನೆಯ ಕಾಫಿ ಲೋಟ, ಊಟದ ಚಮಚ ಇವೆಲ್ಲ ಅಳತೆಯೇ ಅಲ್ಲ, ಅವುಗಳಿಂದ ಉಪ್ಪಿಟ್ಟು ಮಾಡಬಹುದು, ಕೇಕ್ ಬೇಡ. 500 ರೂಪಾಯಿ ಒಳಗೇ ಸಿಗುವ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದುಬಿಡಿ. ತರಕಾರಿ ಕೇಕಿಗೆ ಅದು ಇನ್ನೂ ಮುಖ್ಯ, ಏಕೆಂದರೆ ಒಂದು ಕಪ್ ಕ್ಯಾರೆಟ್ ತುರಿ ಅಂದರೆ ಸಡಿಲವಾಗಿ ತುಂಬಿದರೆ 110 ಗ್ರಾಂ ಆಸುಪಾಸು, ಅದೇ ಕಪ್ಪಿಗೆ ಅದುಮಿ ತುಂಬಿದರೆ ಎಷ್ಟೋ ಜಾಸ್ತಿ ಹಿಡಿಯುತ್ತದೆ.

ಬ್ರಿಟಿಷ್ ರೆಸಿಪಿಯಲ್ಲಿ ಸೆಲ್ಫ್ ರೈಸಿಂಗ್ ಫ್ಲೋರ್ ಅಂತ ಇದ್ದರೆ ಅದರಲ್ಲಿ ಬೇಕಿಂಗ್ ಪೌಡರ್ ಮೊದಲೇ ಸೇರಿರುತ್ತದೆ. ನಾವು ಬರೀ ಮೈದಾ ಹಾಕಿದರೆ ಕೇಕ್ ಚಪ್ಪಟೆ ಕಲ್ಲು. 150 ಗ್ರಾಂ ಮೈದಾಗೆ 2 ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದರೆ ಅದೇ ಆಗುತ್ತದೆ. ಅಮೆರಿಕದವರು ಒಂದು ಸ್ಟಿಕ್ ಬೆಣ್ಣೆ ಅಂದರೆ 113 ಗ್ರಾಂ. 350 ಡಿಗ್ರಿ ಅಂದರೆ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 175 ರಿಂದ 180. ನಮ್ಮ ಪರಿಚಯದ ಒಬ್ಬರು ಓಟಿಜಿ ಅನ್ನುವ ಸಣ್ಣ ಕರೆಂಟ್ ಓವನ್ನಿನಲ್ಲಿ 350 ಹುಡುಕಿ, ಅದು 250ಕ್ಕೇ ಮುಗಿದಿದ್ದು ನೋಡಿ, ಸರಿ ಇದ್ದಷ್ಟು ಇಡೋಣ ಅಂತ ಕೊನೆವರೆಗೂ ತಿರುಗಿಸಿದರು. ಕ್ಯಾರೆಟ್ ಕೇಕ್ ಹೋಗಿ ಕ್ಯಾರೆಟ್ ಇದ್ದಿಲು ಬಂತು.

ಕುಂಬಳಕಾಯಿ ರೆಸಿಪಿಗಳಲ್ಲಿ ಇನ್ನೊಂದು ಗುಂಡಿ ಇದೆ. ಅಮೆರಿಕದಲ್ಲಿ ಡಬ್ಬಿಯ ಕುಂಬಳ ಸಿಗುತ್ತದೆ, ಒಂದು ಡಬ್ಬಿ 425 ಗ್ರಾಂ, ಒಳಗೆ ಚಮಚ ನಿಲ್ಲುವಷ್ಟು ಗಟ್ಟಿ. ನಾವು ಸಿಹಿ ಕುಂಬಳ ಬೇಯಿಸಿ ಮಿಕ್ಸಿಗೆ ಹಾಕಿದರೆ ಬರುವುದು ಸಾಂಬಾರಿನ ಹದ. ಹಾಗೇ ಹಾಕಬೇಡಿ. ಬೆಂದ ಕುಂಬಳವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ, ತಳ ಬಿಟ್ಟು ಒಂದಾಗಿ ಬರುವವರೆಗೆ ನೀರು ಆರಿಸಿ. ಹಲ್ವಕ್ಕೆ ಮಾಡುತ್ತೇವಲ್ಲ, ಅದೇ ರೀತಿ, ತುಪ್ಪ ಮಾತ್ರ ಬೇಡ.

ಇನ್ನು ಸಕ್ಕರೆ. ಕ್ಯಾರೆಟ್ಟೇ ಸಿಹಿ ಇದೆಯಲ್ಲ ಅಂತ ಸಕ್ಕರೆಯನ್ನು ಅರ್ಧ ಮಾಡುವವರು ಬಹಳ. ಎರಡನೇ ಮಹಾಯುದ್ಧದಲ್ಲಿ, 1940ರ ಜನವರಿಯಿಂದ ಸಕ್ಕರೆಗೆ ರೇಷನ್ ಬಂದಾಗ ಬ್ರಿಟನ್ನಿನ ಜನ ಸಿಹಿಗೋಸ್ಕರ ಪುಡ್ಡಿಂಗ್, ಕೇಕುಗಳಿಗೆ ಕ್ಯಾರೆಟ್ ಹಾಕುತ್ತಿದ್ದರು, ಅದು ನಿಜ. ಆದರೆ ಅದು ಇಲ್ಲದ ಕಾಲದ ಉಪಾಯ. 100 ಗ್ರಾಂ ಕ್ಯಾರೆಟ್ಟಿನಲ್ಲಿ ಇರುವ ಸಕ್ಕರೆ 5 ಗ್ರಾಂ ಅಷ್ಟೇ. ಕೇಕಿನಲ್ಲಿ ಸಕ್ಕರೆ ಬರೀ ಸಿಹಿಗೆ ಇರುವುದಲ್ಲ, ತೇವ ಹಿಡಿದಿಡುವುದು, ಮೆದು ಮಾಡುವುದು, ಮೇಲೆ ಬಣ್ಣ ತರುವುದು ಅದೇ. ಕಾಲು ಭಾಗ ಕಡಿಮೆ ಮಾಡಿದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಕಿತ್ತರೆ ಬ್ರೆಡ್ ಆಗುತ್ತದೆ. ಬೆಲ್ಲ ಹಾಕುವವರು ಪುಡಿ ಬೆಲ್ಲವನ್ನು ತೂಕಕ್ಕೆ ತೂಕ ಹಾಕಿ. ನೀರಿನಲ್ಲಿ ಕರಗಿಸಿದ ಬೆಲ್ಲವಾದರೆ ಆ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೀರು, ನೀರು, ನೀರು

ತರಕಾರಿ ಕೇಕಿನ ಮುಕ್ಕಾಲು ಗೋಳು ನೀರಿನದ್ದೇ. ಕ್ಯಾರೆಟ್, ಬೀಟ್‌ರೂಟ್ ಎರಡರಲ್ಲೂ ನೂರಕ್ಕೆ 88 ಭಾಗದಷ್ಟು ನೀರು. ಕುಂಬಳದಲ್ಲಿ 91ರ ಹತ್ತಿರ. ಜುಕಿನಿ, ಸೋರೆ, ಸೌತೆ ಇವೆಲ್ಲ 95ರ ಆಸುಪಾಸು. ಗೆಣಸಿನಲ್ಲಿ 77, ಅದಕ್ಕೇ ಗೆಣಸು ಹಾಕಿದ ಕೇಕ್ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. 88ಕ್ಕೂ 95ಕ್ಕೂ ಏನು ಮಹಾ ವ್ಯತ್ಯಾಸ ಅನಿಸಬಹುದು. ನೀರು ಬಿಟ್ಟು ಉಳಿದಿದ್ದನ್ನು ನೋಡಿ: ಕ್ಯಾರೆಟ್ಟಿನಲ್ಲಿ 12 ಭಾಗ, ಸೋರೆಯಲ್ಲಿ 5. ಆ ನೀರನ್ನು ಹಿಡಿದಿಟ್ಟುಕೊಳ್ಳಲು ಸೋರೆಯಲ್ಲಿ ಅರ್ಧದಷ್ಟೂ ಸರಕಿಲ್ಲ. ಹಾಗಾಗಿ ಒಂದರ ಬದಲು ಇನ್ನೊಂದು ಹಾಕುವಾಗ ತೂಕಕ್ಕೆ ತೂಕ ಅನ್ನುವ ಲೆಕ್ಕ ನಡೆಯುವುದಿಲ್ಲ.

ಕ್ಯಾರೆಟ್ಟನ್ನು ಹಿಂಡಬೇಡಿ. ಎಣ್ಣೆ ಹಾಕುವ ಕ್ಯಾರೆಟ್ ಕೇಕಿನ ರೆಸಿಪಿಗಳು ಆ ನೀರನ್ನು ನಂಬಿಕೊಂಡೇ ಬರೆದಿರುವುದು. ಚಳಿಗಾಲದ ಕೆಂಪು ದೆಹಲಿ ಕ್ಯಾರೆಟ್ ಮಾತ್ರ ಊಟಿ ಕ್ಯಾರೆಟ್ಟಿಗಿಂತ ರಸ ಜಾಸ್ತಿ, ಅದನ್ನು ಅಂಗೈಯಲ್ಲಿ ಒಂದು ಸಲ ಮೆಲ್ಲಗೆ ಒತ್ತಿದರೆ ಸಾಕು. ಸೋರೆ, ಸೌತೆ, ಜುಕಿನಿ ಇವನ್ನು ಹಿಂಡಲೇಬೇಕು. ತುರಿಗೆ ಚಿಟಿಕೆ ಉಪ್ಪು ಹಾಕಿ 15 ನಿಮಿಷ ಬಿಡಿ, ತೆಳು ಬಟ್ಟೆಯಲ್ಲಿ ಕಟ್ಟಿ ತಿರುಚಿ. 300 ಗ್ರಾಂ ಸೋರೆ ತುರಿಯಿಂದ ನನಗೆ ಒಂದು ಸಣ್ಣ ಲೋಟ ನೀರು ಬರುತ್ತದೆ. ರೆಸಿಪಿಯ ಉಪ್ಪನ್ನು ಆಗ ಬಿಟ್ಟುಬಿಡಿ.

ಆ ನೀರನ್ನು ತಕ್ಷಣ ಚೆಲ್ಲಬೇಡಿ. ಟಿನ್ ಓವನ್ ಒಳಗೆ ಹೋಗುವವರೆಗೂ ಪಕ್ಕದಲ್ಲಿಟ್ಟಿರಿ. ಕೆಲವೊಮ್ಮೆ ಉತ್ಸಾಹದಲ್ಲಿ ಜಾಸ್ತಿ ಹಿಂಡಿಬಿಟ್ಟಿರುತ್ತೀರಿ, ಹಿಟ್ಟು ಕಲಸಿದರೆ ಚಪಾತಿ ಹಿಟ್ಟಿನಂತೆ ಕೈಗೆ ಬರುತ್ತದೆ. ಆಗ ಹಾಲು, ನೀರು ಹುಡುಕುವ ಬದಲು ಅದೇ ರಸವನ್ನು ಒಂದೊಂದೇ ಚಮಚ ವಾಪಸ್ ಹಾಕಿ.

ಆದರೆ ಹಾಕುವ ಮುಂಚೆ ಹತ್ತು ನಿಮಿಷ ಕಾಯಿರಿ. ಇದು ನಾನು ಬಹಳ ತಡವಾಗಿ ಕಲಿತ ಪಾಠ. ಸಕ್ಕರೆ ತಾಗಿದ ತುರಿ ನೀರು ಬಿಡುತ್ತಾ ಹೋಗುತ್ತದೆ, ಕ್ಯಾರೆಟ್ ಹಲ್ವ ಕಲಸಿಟ್ಟವರಿಗೆಲ್ಲ ಗೊತ್ತಿರುವ ಸಂಗತಿ. ಈಗ ಗಟ್ಟಿ ಕಂಡ ಹಿಟ್ಟು ಹತ್ತು ನಿಮಿಷಕ್ಕೆ ತಾನಾಗಿ ಸಡಿಲ ಆಗುತ್ತದೆ. ಗಟ್ಟಿ ಇದೆ ಅಂತ ಆಗಲೇ ಹಾಲು ಹಾಕಿದವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಹದ ಎಷ್ಟಿರಬೇಕು ಅಂದರೆ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ, ಬೋಂಡಾ ಹಿಟ್ಟಿಗಿಂತ ಸ್ವಲ್ಪ ತೆಳು. ಚಮಚದಿಂದ ಬಿಟ್ಟರೆ ಸುರಿಯಬಾರದು, ದಪ್ಪಗೆ ಜಾರಿ ಬೀಳಬೇಕು.

ಕಾದ ಮೇಲೆ ಹಿಟ್ಟು ದೋಸೆ ಹಿಟ್ಟಿನಂತೆ ಹರಿಯುತ್ತಿದೆಯೇ? ಮೈದಾ ಡಬ್ಬಿಯಿಂದ ದೂರ ಇರಿ. ಮೈದಾ ಸುರಿದರೆ ಅದನ್ನು ಬೆರೆಸಲು ಮತ್ತೆ ತಿರುಗಿಸಬೇಕು, ತಿರುಗಿಸಿದಷ್ಟೂ ಜಿಗುಟು ಏಳುತ್ತದೆ, ಜೊತೆಗೆ ಸಕ್ಕರೆ, ಎಣ್ಣೆ, ಸೋಡಾ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಬದಲಿಗೆ ಚಿರೋಟಿ ರವೆ ಎರಡು ಟೇಬಲ್ ಚಮಚ, ಇಲ್ಲವೇ ಬಾದಾಮಿ ಪುಡಿ, ಒಣ ಕೊಬ್ಬರಿ ಪುಡಿ ಹಾಕಿ. ಇವು ನೀರು ಕುಡಿಯುತ್ತವೆ, ಮೈದಾದಷ್ಟು ಜಿಗುಟು ಏಳಿಸುವುದಿಲ್ಲ. ಕರಾವಳಿಯ ಕೊಂಕಣಿ ಮನೆಗಳ ತವಸಳಿ ನೆನಪಿಸಿಕೊಳ್ಳಿ. ಅದು ಸೌತೆಕಾಯಿ, ರವೆ, ಬೆಲ್ಲ, ತೆಂಗಿನಕಾಯಿಯ ಕೇಕೇ ತಾನೇ. ಅಲ್ಲಿ ಸೌತೆಕಾಯಿ ಬಿಟ್ಟ ನೀರಿನಲ್ಲೇ ರವೆ ನೆನೆಯುತ್ತದೆ. ಮೈದಾ ಕೇಕಿನವರು ಯೂಟ್ಯೂಬ್ ನೋಡಿ ಪರದಾಡುವ ಸಮಸ್ಯೆಗೆ ಅಜ್ಜಿಯಂದಿರು ರವೆ ಹಾಕಿ ಉತ್ತರ ಬರೆದಿಟ್ಟಿದ್ದಾರೆ.

ರವೆಯೂ ಸಾಲದಷ್ಟು ನೀರಾಗಿದ್ದರೆ ಅದನ್ನು ಆಳದ ಟಿನ್ನಿಗೆ ಹಾಕಬೇಡಿ. ಅಗಲದ ತಟ್ಟೆಯಲ್ಲಿ ಒಂದು ಇಂಚು ದಪ್ಪಕ್ಕೆ ಹರಡಿ, ಬರ್ಫಿಯಂತೆ ಕತ್ತರಿಸುವ ಕೇಕ್ ಮಾಡಿ. ತೆಳುವಾಗಿದ್ದರೆ ನೀರು ಆರಿಹೋಗುತ್ತದೆ, ಮಧ್ಯ ಹಸಿ ಉಳಿಯುವುದಿಲ್ಲ. ಕಪ್ ಕೇಕ್ ಅಚ್ಚು ಇದ್ದರೆ ಇನ್ನೂ ಒಳ್ಳೆಯದು.

ತುರಿಯೆಲ್ಲ ತಳಕ್ಕೆ ಇಳಿದು ಕೂತಿದ್ದರೂ ಕಾರಣ ಇದೇ, ಹಿಟ್ಟು ತೆಳು ಅಥವಾ ತುರಿ ದಪ್ಪ. ಮುಂದಿನ ಸಲ ಸಣ್ಣ ತೂತಿನಲ್ಲಿ ತುರಿಯಿರಿ. ಈ ಸಲ ಕೇಕನ್ನು ಬೋರಲು ಹಾಕಿ, ತಳವನ್ನೇ ಮೇಲು ಮಾಡಿ ಬಡಿಸಿ.

ಸೋಡಾ, ಪೌಡರ್, ಈನೋ

ಸೋಡಾ ಅನ್ನುವುದು ಬೇಕಿಂಗ್ ಪೌಡರಿಗಿಂತ ಮೂರ್ನಾಲ್ಕು ಪಟ್ಟು ಜೋರು. ಅದು ಕೆಲಸ ಮಾಡಲು ಹುಳಿ ಬೇಕು: ಮೊಸರು, ಮಜ್ಜಿಗೆ, ನಿಂಬೆ, ವಿನೆಗರ್ ಏನಾದರೂ. ಹುಳಿ ಸಾಲದೆ ಉಳಿದ ಸೋಡಾ ಬಾಯಲ್ಲಿ ಸೋಪಿನ ರುಚಿ ಕೊಡುತ್ತದೆ. ಪೌಡರಿನಲ್ಲಿ ಹುಳಿ ಒಳಗೇ ಇದೆ. ಒಂದು ಕಪ್ ಮೈದಾಗೆ ಪೌಡರ್ ಒಂದು ಟೀ ಚಮಚ, ಸೋಡಾ ಆದರೆ ಕಾಲು ಟೀ ಚಮಚ, ಈ ಲೆಕ್ಕ ತಲೆಯಲ್ಲಿದ್ದರೆ ಸಾಕು.

ಟೀ ಚಮಚದ ಜಾಗದಲ್ಲಿ ಟೇಬಲ್ ಚಮಚ ಸೋಡಾ ಬಿದ್ದುಬಿಟ್ಟಿತು. ಏನು ಮಾಡೋದು? ಒಣ ಹಿಟ್ಟಿಗೆ ಬಿದ್ದಿದ್ದು, ಇನ್ನೂ ಕಲಸಿಲ್ಲ ಅಂದರೆ ಬಿದ್ದ ಜಾಗದಿಂದ ಆ ಗುಪ್ಪೆಯನ್ನು ಎತ್ತಿ, ಸುತ್ತಲಿನ ಎರಡು ಚಮಚ ಹಿಟ್ಟನ್ನೂ ಎತ್ತಿ ಬಿಸಾಡಿ, ಅಷ್ಟು ಹಿಟ್ಟು ಹೊಸದಾಗಿ ಹಾಕಿ. ಕಲಸಿ ಆಗಿದೆ, ಆದರೆ ಹಸಿ ಪದಾರ್ಥ ಸೇರಿಲ್ಲ ಅಂದರೆ ಒಣ ಮಿಶ್ರಣವನ್ನು ತೂಕ ಮಾಡಿ ಮೂರು ಪಾಲು ಮಾಡಿ, ಒಂದು ಪಾಲು ಈಗ ಬಳಸಿ, ಕಡಿಮೆ ಬಿದ್ದ ಮೈದಾ ಸೇರಿಸಿ, ಉಳಿದ ಎರಡು ಪಾಲು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿ. ಎಲ್ಲಾ ಕಲಸಿ ಮುಗಿದಿದೆ ಅಂದರೆ ಎರಡೇ ದಾರಿ. ಸಾಮಾನು ಮನೆಯಲ್ಲಿದ್ದರೆ ಉಳಿದದ್ದನ್ನೆಲ್ಲ ಮೂರು ಪಟ್ಟು ಮಾಡಿ ಮೂರು ಕೇಕ್ ಮಾಡಿ, ಪಕ್ಕದ ಮನೆಯವರಿಗೆ ಖುಷಿ. ಇಲ್ಲವಾದರೆ ಹುಳಿ ಹಾಕಿ. ಅರ್ಧ ಟೀ ಚಮಚ ಸೋಡಾಗೆ ಒಂದು ಟೇಬಲ್ ಚಮಚ ನಿಂಬೆರಸ ಬೇಕು, ಹಾಗಾಗಿ ಅರ್ಧ ಚಮಚ ಜಾಸ್ತಿಯಾಗಿದ್ದರೆ ಈ ಉಪಾಯ ನಡೆಯುತ್ತದೆ, ಎರಡು ಚಮಚ ಜಾಸ್ತಿಯಾಗಿದ್ದರೆ ಕೇಕಿನ ಬದಲು ನಿಂಬೆ ಷರಬತ್ತು ಆಗುತ್ತದೆ. ಆಗ ಬಿಟ್ಟುಬಿಡಿ.

ಬೆಂದ ಮೇಲೆ ಸೋಪಿನ ರುಚಿ ಗೊತ್ತಾದರೆ ಅದಕ್ಕೆ ಔಷಧಿ ಇಲ್ಲ. ನಾನು ಒಮ್ಮೆ ಮೇಲೆ ನಿಂಬೆ ಪಾಕ ಸುರಿದು ನೋಡಿದೆ, ಹುಳಿ ಸೋಪು ಆಯಿತು.

ಕ್ಯಾರೆಟ್ ಚೂರುಗಳ ಅಂಚು ಹಸಿರಾಗಿ ಕಂಡರೆ ಗಾಬರಿ ಬೇಡ, ಅದು ಬೂಸ್ಟು ಅಲ್ಲ. ಸೋಡಾ ಜಾಸ್ತಿಯಾದಾಗ ತರಕಾರಿಯಲ್ಲಿರುವ ಕೆಲವು ಪದಾರ್ಥಗಳು ಹಸಿರಿಗೆ ತಿರುಗುತ್ತವೆ. ಸೂರ್ಯಕಾಂತಿ ಬೀಜ ಹಾಕಿದ ಕೇಕಿನಲ್ಲಂತೂ ಇದು ಎದ್ದು ಕಾಣುತ್ತದೆ. ತಿನ್ನಲು ಅಡ್ಡಿಯಿಲ್ಲ. ಮಕ್ಕಳು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು.

ಪೌಡರ್ ಹಾಕಲು ಮರೆತೇಹೋಯಿತು, ಟಿನ್ ಓವನ್ ಒಳಗಿದೆ. ಎರಡು ಮೂರು ನಿಮಿಷ ಆಗಿದ್ದರೆ ಹೊರಗೆ ತೆಗೆದು, ಬಟ್ಟಲಿಗೆ ವಾಪಸ್ ಸುರಿದು, ಪೌಡರನ್ನು ಜರಡಿಯಲ್ಲಿ ಉದುರಿಸಿ ಹತ್ತು ಸುತ್ತು ತಿರುಗಿಸಿ, ಮತ್ತೆ ಇಡಿ. ಅಂಚು ಗಟ್ಟಿಯಾಗಲು ಶುರುವಾಗಿದ್ದರೆ ಬಾಗಿಲು ಮುಟ್ಟಬೇಡಿ. ಬೇಯಲಿ, ಆಮೇಲೆ ರಸ್ಕ್ ಮಾಡೋಣ, ಕೆಳಗೆ ಹೇಳಿದ್ದೇನೆ. ಈನೋ ಹಾಕುವವರು ಒಂದು ನೆನಪಿಡಿ, ನೀರು ತಾಗಿದ ಕೂಡಲೇ ಅದರ ನೊರೆ ಶುರು. ಹಾಕಿ ಫೋನ್ ತೆಗೆದುಕೊಂಡು ಹತ್ತು ನಿಮಿಷ ಮಾತಾಡಿ ಬಂದರೆ ಗಾಳಿ ಎಲ್ಲ ಹೋಗಿರುತ್ತದೆ. ಪೌಡರ್ ಹಳೆಯದೇ ಅಂತ ಅನುಮಾನ ಇದ್ದರೆ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ, ಬುಸ್ ಅನ್ನದಿದ್ದರೆ ಎಸೆಯಿರಿ.

ಬೀಟ್‌ರೂಟ್ ಕಥೆ

ಕಲಸಿದಾಗ ಕಣ್ಣು ಕುಕ್ಕುವ ಗುಲಾಬಿ, ಬೆಂದ ಮೇಲೆ ಮಣ್ಣಿನ ಕಂದು. ಬೀಟ್‌ರೂಟ್ ಕೇಕ್ ಮಾಡಿದ ಎಲ್ಲರಿಗೂ ಈ ಅನುಭವ ಆಗಿರುತ್ತದೆ. ಅದರ ಬಣ್ಣ ಬೆಟಾನಿನ್ ಅನ್ನುವ ಪದಾರ್ಥದ್ದು, ಅದಕ್ಕೆ ಬಿಸಿಯೂ ಆಗದು, ಸೋಡಾವೂ ಆಗದು. ಹುಳಿ ಇದ್ದರೆ ಮಾತ್ರ ತಾಳಿಕೊಳ್ಳುತ್ತದೆ. ಬಣ್ಣ ಉಳಿಸಬೇಕು ಅಂದರೆ ಸೋಡಾ ಬಿಟ್ಟು ಪೌಡರ್ ಮಾತ್ರ ಹಾಕಿ, ಬೀಟ್‌ರೂಟಿಗೆ ಒಂದು ಚಮಚ ನಿಂಬೆರಸ ಕಲಸಿಡಿ, 160 ಡಿಗ್ರಿಯಲ್ಲಿ ಬೇಯಿಸಿ. ಇಷ್ಟೆಲ್ಲ ಮಾಡಿದರೂ ಕಲಸಿದಾಗಿನ ಬಣ್ಣ ಪೂರ್ತಿ ಉಳಿಯುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ನನ್ನನ್ನು ಕೇಳಿದರೆ ಬಣ್ಣದ ಹಿಂದೆ ಓಡುವುದೇ ದಂಡ, 40 ಗ್ರಾಂ ಮೈದಾ ತೆಗೆದು ಅಷ್ಟೇ ಕೋಕೋ ಪುಡಿ ಹಾಕಿ ಚಾಕೊಲೇಟ್ ಕೇಕ್ ಮಾಡಿಬಿಡಿ. ಬೀಟ್‌ರೂಟಿನ ಮಣ್ಣಿನ ವಾಸನೆಯೂ ಅದರಲ್ಲಿ ಅಡಗುತ್ತದೆ. ಆ ವಾಸನೆಗೂ ಹುಳಿಯೇ ಮದ್ದು, ನಿಂಬೆ ಇಲ್ಲದಿದ್ದರೆ ಹುಳಿ ಮೊಸರು.

ಹಸಿ ತುರಿ ಹಾಕಿದರೆ ಚೂರುಗಳು ಬೇಯದೆ ಹಲ್ಲಿಗೆ ಸಿಗುತ್ತವೆ. ಕುಕ್ಕರಿನಲ್ಲಿ ಇಡೀ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಆರಿದ ಮೇಲೆ ಸುಲಿದು, ನೀರು ಹಾಕದೆ ರುಬ್ಬಿ. ಮತ್ತೆ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡು ಡಾಕ್ಟರಿಗೆ ಫೋನ್ ಮಾಡಬೇಡಿ, ಬೀಟ್‌ರೂಟ್ ತಿಂದ ಕೆಲವರಿಗೆ ಹಾಗಾಗುತ್ತದೆ.

ಇದೊಂದನ್ನು ಮಾತ್ರ ಉಳಿಸಬೇಡಿ

ಸೋರೆ, ಸೌತೆ, ಜುಕಿನಿ ತುರಿಯುವ ಮುಂಚೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಕಾಯಿ ಬಿಸಾಡಿ. ಸಕ್ಕರೆ ಹಾಕಿದರೆ ಹೋಗುತ್ತದೆ, ಬೇಯಿಸಿದರೆ ಹೋಗುತ್ತದೆ ಅನ್ನುವುದೆಲ್ಲ ಸುಳ್ಳು. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಿಷದ್ದು, ಬಿಸಿಗೆ ಹೋಗುವಂಥದ್ದಲ್ಲ. ವಾಂತಿ, ಭೇದಿ, ಕೆಲವರಿಗೆ ಆಸ್ಪತ್ರೆ ಸೇರುವಷ್ಟು ತೊಂದರೆ ಆಗುತ್ತದೆ, ಕಹಿ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲೇ ಜನ ಸತ್ತಿದ್ದಾರೆ. ಹಿಟ್ಟು ಕಲಸಿದ ಮೇಲೆ ಗೊತ್ತಾದರೂ ಅಷ್ಟೇ. ಮೂರು ಮೊಟ್ಟೆ, ಎಣ್ಣೆ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಓವನ್ ಒಳಗೆ ಹೋದ ಮೇಲೆ

ಮೇಲೆ ಕಪ್ಪು, ಒಳಗೆ ಹಸಿ. ಓಟಿಜಿಯಲ್ಲಿ ಮೇಲಿನ ರಾಡೂ ಕೆಳಗಿನ ರಾಡೂ ಒಟ್ಟಿಗೆ ಉರಿಯುವಾಗ ಟಿನ್ ಮೇಲಿನ ಹಂತದಲ್ಲಿದ್ದರೆ ಹೀಗಾಗುತ್ತದೆ. ಕೆಳಗಿನ ಹಂತಕ್ಕೆ ಇಳಿಸಿ, ಅಷ್ಟು ಸಾಲದಿದ್ದರೆ ಕೆಳಗಿನ ರಾಡ್ ಮಾತ್ರ ಇಡಿ. ಅರ್ಧ ಗಂಟೆ ಆದ ಮೇಲೆ ಮೇಲುಭಾಗ ಕೆಂಪಗಾಗಿದ್ದರೆ ಫಾಯಿಲ್ ಒಂದನ್ನು ಸಡಿಲವಾಗಿ ಮುಚ್ಚಿ, 160ಕ್ಕೆ ಇಳಿಸಿ, ಇನ್ನೂ 15 ರಿಂದ 20 ನಿಮಿಷ ಬಿಡಿ. ಅರ್ಧ ಗಂಟೆಗೆ ಮುಂಚೆ ಬಾಗಿಲು ತೆಗೆಯಬೇಡಿ. ಏರಿದ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ, ತಣ್ಣನೆ ಗಾಳಿ ಬಡಿದರೆ ನಡುವೆ ಕುಸಿಯುತ್ತದೆ. ತರಕಾರಿ ಕೇಕ್ ಮಾಮೂಲಿ ಸ್ಪಂಜಿಗಿಂತ ಭಾರ, ಗಟ್ಟಿಯಾಗಲು ಜಾಸ್ತಿ ಹೊತ್ತು ಬೇಕು.

ಟೂತ್‌ಪಿಕ್ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಕ್ಯಾರೆಟ್ ಚೂರಿಗೆ ಚುಚ್ಚಿದರೆ ಒದ್ದೆಯಾಗಿ ಬರುತ್ತದೆ, ಬೆಂದಿಲ್ಲ ಅಂತ ಇನ್ನೂ 20 ನಿಮಿಷ ಇಟ್ಟು ಒಣಗಿಸಿಬಿಡುತ್ತೀರಿ. ಮೂರು ಕಡೆ ಚುಚ್ಚಿ ನೋಡಿ. ಬರೀ ಒದ್ದೆ ಇದ್ದರೆ ಅದು ತರಕಾರಿ, ಬಿಳಿ ಅಂಟು ಇದ್ದರೆ ಹಿಟ್ಟು. ನಡುವೆ ಬೆರಳಿನಿಂದ ಒತ್ತಿದರೆ ಮೇಲೆದ್ದು ಬರಬೇಕು, ಅಂಚು ಟಿನ್ ಬಿಟ್ಟಿರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ನಡುವೆ 96 ರಿಂದ 98 ಡಿಗ್ರಿ. ಬೆಂಗಳೂರಿನವರು 95ಕ್ಕೇ ತೆಗೆಯಬಹುದು, ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಮಂಗಳೂರಿನ ತಂಗಿ ಹೇಳಿದ ಅಳತೆ ಬೆಂಗಳೂರಿನಲ್ಲಿ ಸ್ವಲ್ಪ ಜಾಸ್ತಿ ಉಬ್ಬಿ ಕುಸಿದರೆ ಎತ್ತರವೂ ಒಂದು ಕಾರಣ ಇರಬಹುದು. ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡಿ ನೋಡಿ. ಆದರೆ ಎಲ್ಲ ತಪ್ಪನ್ನೂ ಊರಿನ ಮೇಲೆ ಹಾಕಬೇಡಿ.

ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದಿದ್ದೀರಾ ನೋಡಿ. ತರಕಾರಿ ಬಿಟ್ಟ ಹಬೆ ಮುಚ್ಚಳದಲ್ಲಿ ಹನಿಯಾಗಿ ಕೇಕಿನ ಮೇಲೇ ಬೀಳುತ್ತದೆ, ಮೇಲುಭಾಗ ಬಿಳಿಚಿಕೊಂಡು ಅಂಟಾಗುತ್ತದೆ. ಅದು ಬೆಂದಿರುತ್ತದೆ, ಬಣ್ಣ ಬಂದಿರುವುದಿಲ್ಲ ಅಷ್ಟೇ. ಬೋರಲು ಹಾಕಿ, ಎಣ್ಣೆ ಸವರಿದ ತವಾ ಮೇಲೆ ಆ ಮಗ್ಗುಲನ್ನು ಎರಡು ನಿಮಿಷ ಕೆಂಪಗೆ ಮಾಡಿ.

ಹೊರಗೆ ಬಂತು, ಈಗೇನು?

ಮೊದಲು ಹತ್ತು ನಿಮಿಷ ಟಿನ್ನಿನಲ್ಲೇ ಬಿಡಿ. ಬಿಸಿ ಬಿಸಿ ಇರುವಾಗಲೇ ತಿರುಗಿಸಿದರೆ ತರಕಾರಿ ಕೇಕ್ ಅರ್ಧ ಮೇಲೆ, ಅರ್ಧ ಕೆಳಗೆ. ಪೂರ್ತಿ ಆರಿ ಅಂಟಿಕೊಂಡಿದ್ದರೆ ಟಿನ್ನಿನ ತಳವನ್ನು ಗ್ಯಾಸಿನ ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಆಡಿಸಿ, ಜಿಡ್ಡು ಕರಗಿ ಬಿಟ್ಟುಕೊಳ್ಳುತ್ತದೆ.

ನಡುವೆ ಗುಂಡಿ ಬಿದ್ದು, ಆದರೆ ಬೆಂದಿದ್ದರೆ ಅದು ತಪ್ಪೇ ಅಲ್ಲ, ಗುಂಡಿಗೆ ಕ್ರೀಮ್ ತುಂಬಿ, ಮೇಲೆ ಗೋಡಂಬಿ ಉದುರಿಸಿ. ನಡುವೆ ಹಸಿ ಇದ್ದು, ಕೇಕ್ ಇನ್ನೂ ಬಿಸಿ ಇದ್ದರೆ ಫಾಯಿಲ್ ಮುಚ್ಚಿ ವಾಪಸ್ ಓವನ್ನಿಗೆ. ಆರಿ ಹೋಗಿದ್ದರೆ ಅಂಚಿನ ಬೆಂದ ಭಾಗವನ್ನು ಕತ್ತರಿಸಿ ತಿನ್ನಿ, ನಡುವಿನದ್ದನ್ನು ಬೆರಳಗಲ ಚೂರು ಮಾಡಿ ತಟ್ಟೆಯಲ್ಲಿ ಹರಡಿ 160ರಲ್ಲಿ 15 ನಿಮಿಷ. ಮೊಟ್ಟೆ ಹಾಕಿದ ಹಿಟ್ಟನ್ನು ಹಸಿಯಾಗಿ ತಿನ್ನುವುದು ಬೇಡ. ಅಂಟಾಗಿ ಗಟ್ಟಿಯಾದ ಹಾಲುಬಾಯಿ ಮಾದರಿಯನ್ನು ತೆಳುವಾಗಿ ಕತ್ತರಿಸಿ, ತುಪ್ಪ ಹಾಕಿದ ತವಾ ಮೇಲೆ ಎರಡೂ ಕಡೆ ಗರಿಗರಿ ಮಾಡಿದರೆ ಯಾರೂ ಅದನ್ನು ಕೆಟ್ಟ ಕೇಕ್ ಅನ್ನುವುದಿಲ್ಲ. ನನ್ನ ಮೊದಲ ಸೋರೆಕಾಯಿ ಕೇಕಿಗೆ ಸೋಡಾ ಅಷ್ಟು ಬೀಳದೇ ಇದ್ದಿದ್ದರೆ ಅದಕ್ಕೂ ಇದೇ ಗತಿ ಕಾಣಿಸಬಹುದಿತ್ತು.

ಒಣಗಿಹೋದ ಕೇಕಿಗೆ ಪಾಕ: ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು, ಏಲಕ್ಕಿ, ಕುದಿಸಿ ಬಿಸಿ ಇರುವಾಗಲೇ ಕಡ್ಡಿಯಿಂದ ಚುಚ್ಚಿದ ಕೇಕಿನ ಮೇಲೆ ಚಮಚ ಚಮಚವಾಗಿ. ಕ್ಯಾರೆಟ್ ಕೇಕಿಗೆ ನೀರಿನ ಬದಲು ಕಿತ್ತಳೆ ರಸ ಇನ್ನೂ ಚೆಂದ. ಸಕ್ಕರೆ ಹಾಕಲು ಮರೆತಿದ್ದರೂ ಇದೇ ಉಪಾಯ, ಪಾಕ ಜಾಸ್ತಿ ಇರಲಿ. ಸಕ್ಕರೆ ಅಂತ ಉಪ್ಪು ಸುರಿದಿದ್ದರೆ ಮಾತ್ರ ಕ್ಷಮಿಸಿ.

ಉಬ್ಬದ ಕೇಕಿಗೆ ರಸ್ಕ್ ಆಗುವ ಭಾಗ್ಯ. ಅರ್ಧ ಇಂಚಿನ ಹೋಳು ಮಾಡಿ, 120 ಡಿಗ್ರಿಯಲ್ಲಿ 40 ನಿಮಿಷ, ನಡುವೆ ಒಮ್ಮೆ ಮಗುಚಿ. ತೇವ ಜಾಸ್ತಿ ಇರುವುದರಿಂದ ಇನ್ನೂ ಹತ್ತು ನಿಮಿಷ ಬೇಕಾಗಬಹುದು. ಪುಡಿಪುಡಿಯಾದ ಕೇಕನ್ನು ಗಾಜಿನ ಲೋಟದಲ್ಲಿ ಶ್ರೀಖಂಡದ ಜೊತೆ ಒಂದರ ಮೇಲೊಂದು ಪದರ ಹಾಕಿ ಫ್ರಿಜ್ಜಿನಲ್ಲಿಡಿ. ಮನೆಗೆ ಬಂದವರು ರೆಸಿಪಿ ಕೇಳಿದ್ದೂ ಇದೆ, ನಾನು ಮುಖ ಗಂಭೀರ ಮಾಡಿಕೊಂಡು ಹೇಳಿದ್ದೂ ಇದೆ.

ಮೇಲಿನ ಕ್ರೀಮ್ ಮತ್ತು ಉಳಿದ ಕೇಕ್

ಕ್ರೀಮ್ ಚೀಸ್ ಫ್ರಾಸ್ಟಿಂಗ್ ನೀರಾದರೆ ಸಕ್ಕರೆ ಪುಡಿ ಸುರಿಯುತ್ತಾ ಹೋಗಬೇಡಿ, ಎಷ್ಟೋ ಸಲ ಅದು ಇನ್ನೂ ಸಡಿಲವೇ ಆಗುತ್ತದೆ. ಬಟ್ಟಲನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಚಮಚದಿಂದ ನಾಲ್ಕು ಸುತ್ತು ತಿರುಗಿಸಿ. ಮುಂದಿನ ಸಲ ಬೆಣ್ಣೆ ಮೆತ್ತಗಿರಲಿ, ಚೀಸ್ ತಣ್ಣಗಿರಲಿ. ಗಟ್ಟಿ ಮೊಸರು ಕಟ್ಟಿ ಮಾಡುವವರು ರಾತ್ರಿಯಿಡೀ ಫ್ರಿಜ್ಜಿನಲ್ಲೇ ನೇತು ಹಾಕಿ, ಬಡಿಸುವ ಹೊತ್ತಿಗೆ ಸವರಿ. ಮೊದಲೇ ಸವರಿಟ್ಟರೆ ನೀರು ಬಿಡುತ್ತದೆ. ಕೇಕ್ ಪೂರ್ತಿ ಆರದೆ ಯಾವ ಕ್ರೀಮೂ ನಿಲ್ಲುವುದಿಲ್ಲ.

ತರಕಾರಿ ಕೇಕ್ ಮಾಡಿದ ದಿನಕ್ಕಿಂತ ಮರುದಿನ ರುಚಿ, ಆದರೆ ತೇವ ಇರುವುದರಿಂದ ಬೂಸ್ಟು ಬೇಗ. ಮಳೆಗಾಲದ ಕರಾವಳಿಯಲ್ಲಿ ಹೊರಗೆ ಒಂದು ದಿನ, ಬೇರೆ ಕಡೆ ಎರಡು ದಿನ, ಆಮೇಲೆ ಫ್ರಿಜ್. ಕ್ರೀಮ್ ಇದ್ದರೆ ಮೊದಲ ದಿನದಿಂದಲೇ ಫ್ರಿಜ್. ಕ್ರೀಮ್ ಇಲ್ಲದ್ದನ್ನು ಹೋಳು ಮಾಡಿ, ಒಂದೊಂದಕ್ಕೂ ಬಟರ್ ಪೇಪರ್ ಸುತ್ತಿ ಫ್ರೀಜರಿನಲ್ಲಿಟ್ಟರೆ ತಿಂಗಳು ಇರುತ್ತದೆ. ಬೆಳಿಗ್ಗೆ ಕಾಫಿ ಬೆರೆಸುವಷ್ಟರಲ್ಲಿ ತವಾ ಮೇಲೆ ಬಿಸಿಯಾಗುತ್ತದೆ.